ಕಿವಿಯ ಕೆಳಗಿನ ಗಂಟು ಮತ್ತು ಬಾಯಿ ಸೊಟ್ಟಗಾಗುವ ಭಯ



ತುಟಿ ಮುಚ್ಚದೆ ಒಮ್ಮೆ ‘ಪ’, ‘ಬ’, ‘ಮ’ ಎಂದು ಹೇಳಿ ನೋಡಿ. ಬರುವುದಿಲ್ಲ. ಉರ್ದುವಿನ ‘ಪೇ’, ‘ಬೇ’, ‘ಮೀಮ್’ ಕೂಡ ಹಾಗೆಯೇ. ತುಟಿ ಮುಚ್ಚುವುದು, ಕಣ್ಣು ಮುಚ್ಚುವುದು, ನಗುವುದು, ಇವೆಲ್ಲ ಮುಖನರದ ಕೆಲಸ. ಮುಖದ ಎರಡೂ ಬದಿಗೆ ಒಂದೊಂದು ನರವಿದೆ. ಅದು ಕಿವಿಯ ಹಿಂದಿನ ಮೂಳೆಯಿಂದ ಹೊರಬಂದು, ಕಿವಿಯ ಮುಂದಿರುವ ಪರೋಟಿಡ್ ಎಂಬ ದೊಡ್ಡ ಜೊಲ್ಲುಗ್ರಂಥಿಯೊಳಗೆ ಹಾದು, ಐದು ಮುಖ್ಯ ಕವಲುಗಳಾಗಿ ಹರಡುತ್ತದೆ.

ಜೊಲ್ಲುಗ್ರಂಥಿಯ ಗೆಡ್ಡೆಗಳಲ್ಲಿ ಹೆಚ್ಚಿನವು ಬರುವುದು ಈ ಗ್ರಂಥಿಯಲ್ಲಿಯೇ. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಮಂಗನಬಾವಾದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ನೋವಿಲ್ಲದೆ ತಿಂಗಳುಗಟ್ಟಲೆ ಉಳಿದು ನಿಧಾನವಾಗಿ ಬೆಳೆಯುವ ಗಂಟು ಮಂಗನಬಾವಲ್ಲ. ‘ಕುಯ್ಸಿದರೆ ಬಾಯಿ ಸೊಟ್ಟಗಾಗುತ್ತದೆ’ ಎಂದು ಹೆದರಿ ಹಲವರು ಅದನ್ನು ಹಾಗೆಯೇ ಬಿಡುತ್ತಾರೆ. ಆದರೆ ಬಿಟ್ಟಷ್ಟೂ ಗಂಟು ದೊಡ್ಡದಾಗುತ್ತದೆ, ನರವನ್ನು ಉಳಿಸುವುದು ಕಷ್ಟವಾಗುತ್ತದೆ. ಕೆಲವು ಗೆಡ್ಡೆಗಳು ವರ್ಷಗಳ ನಂತರ ಕ್ಯಾನ್ಸರ್ ಆಗಬಲ್ಲವು. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಜನ ಇನ್ನೊಂದು ಮಾತು ತಿಳಿಯಬೇಕು: ವಾರ್ಥಿನ್ ಎಂಬ ಗೆಡ್ಡೆ ಬೀಡಿ, ಸಿಗರೇಟು ಸೇದುವವರಲ್ಲಿಯೇ ಹೆಚ್ಚು.

ಮೊದಲು ಸ್ಕ್ಯಾನಿಂಗ್ ಮಾಡಿ, ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷಿಸುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ವೈದ್ಯರು ಮೊದಲು ನರದ ಬುಡವನ್ನು ಹುಡುಕಿ, ಕವಲು ಕವಲನ್ನೂ ಬಿಡಿಸಿಕೊಂಡು, ಗೆಡ್ಡೆಯನ್ನು ಸುತ್ತಲಿನ ಗ್ರಂಥಿಯ ಭಾಗದೊಡನೆ ತೆಗೆಯುತ್ತಾರೆ. ನರದ ಚಟುವಟಿಕೆಯನ್ನು ಶಬ್ದದಿಂದ ತಿಳಿಸುವ ಯಂತ್ರವೂ ಈಗ ಇದೆ. ಗಂಟನ್ನಷ್ಟೇ ಕೆರೆದು ತೆಗೆದರೆ ಅದು ಮರಳಿ ಬರಬಹುದು. ಎರಡನೆಯ ಸಲ ಕುಯ್ಯುವಾಗ ನರಕ್ಕೆ ಅಪಾಯ ಹೆಚ್ಚು.

ಶಸ್ತ್ರಚಿಕಿತ್ಸೆಯ ನಂತರ ಕೆಲವರ ಬಾಯಿ ಸ್ವಲ್ಪ ವಾರೆಯಾಗುವುದುಂಟು. ನರ ತುಂಡಾಗದಿದ್ದರೆ ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಹೋಗುತ್ತದೆ. ಕಣ್ಣು ಪೂರ್ತಿ ಮುಚ್ಚದಿದ್ದರೆ ಹನಿ ಹಾಕಿ ಕಾಪಾಡಬೇಕು. ಕ್ಯಾನ್ಸರ್ ನರವನ್ನೇ ಹಿಡಿದಿದ್ದರೆ ಮಾತ್ರ ಆ ಭಾಗವನ್ನು ತೆಗೆಯಬೇಕಾಗಬಹುದು. ಆಗ ಕುತ್ತಿಗೆಯ ಅಥವಾ ಕಾಲಿನ ನರವನ್ನು ಕಸಿ ಮಾಡುವ ದಾರಿಯಿದೆ. ಆದ್ದರಿಂದ ಗಂಟು ಬೇಗ ಬೆಳೆದರೆ, ನೋವು ಬಂದರೆ, ಮುಖ ವಾರೆಯಾದರೆ ಒಂದು ದಿನವೂ ತಡಮಾಡಬೇಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಕ್ಯಾನ್ಸರ್ ಎಂದು ತಿಳಿದರೆ ಬೆಂಗಳೂರಿನಲ್ಲಿ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಸರ್ಕಾರಿ ಸಂಸ್ಥೆ 1973ರಿಂದ ಇದೆ. ಬಿಪಿಎಲ್ ಕಾರ್ಡಿನವರು 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಗ್ಗೆ ಅಲ್ಲಿಯೇ ವಿಚಾರಿಸಿ.

ವಿದ್ಯಾರ್ಥಿಗಳೇ, ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ. ಮನೆಯ ಹಿರಿಯರ ಜೊತೆ ನೀವೂ ಹೋಗಿ. ‘ಡಾಕ್ಟ್ರೇ, ಗೆಡ್ಡೆ ಯಾವ ಬಗೆಯದು? ನರಕ್ಕೆ ಅಂಟಿದೆಯೇ? ಇಂಥ ಆಪರೇಷನ್ ನೀವು ಆಗಾಗ ಮಾಡುತ್ತೀರಾ?’ ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ. ಉತ್ತರವನ್ನು ಅಜ್ಜ ಅಜ್ಜಿಗೆ ಅವರ ಮಾತಿನಲ್ಲಿ ತಿಳಿಸಿ ಹೇಳಿದರೆ, ನೀವು ಕಲಿತ ವಿದ್ಯೆ ಅಂದು ಮನೆಗೆ ಬಂತು ಎಂದೇ ಅರ್ಥ.