ಪರಮಾಣು ವಿಚಾರ



ತೀರ್ಥಹಳ್ಳಿ ಸೀಮೆಯ ಆಗುಂಬೆಯಲ್ಲಿ ಮಳೆಗಾಲವೆಂದರೆ ಮಂಜಿನ ಕಾಲವೂ ಅಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆ ಘಟ್ಟದ ನೆತ್ತಿಗೆ ಪಡುವಣ ಕಡಲಿನ ಗಾಳಿಯು ಏರಿ ಬಂದು, ತಣಿದು, ತನ್ನೊಳಗಿನ ನೀರಾವಿಯನ್ನು ಹನಿಯಾಗಿ ಬಿಡುವುದು. ಆವಿಯು ಕಣ್ಣಿಗೆ ಕಾಣದು, ಮಂಜು ಕಾಣುವುದು. ಆವಿಯು ಹನಿಗಟ್ಟಲು ಆಸರೆಯೊಂದು ಬೇಕು. ಗಾಳಿಯಲ್ಲಿ ತೇಲುವ ಸೂಕ್ಷ್ಮವಾದ ಧೂಳೇ ಸಾಮಾನ್ಯವಾಗಿ ಆ ಆಸರೆ. ಕಾಣದುದರ ಇರವನ್ನು ಕಾಣುವುದರಿಂದ ಅರಿಯುವ ಈ ದಾರಿಯಲ್ಲಿಯೇ, ಪದಾರ್ಥವು ಕಣಮಯವೆಂಬ ವಿಚಾರವೂ ಬೆಳೆದು ಬಂದಿತು.

ಪದಾರ್ಥವನ್ನು ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾಗದ ಕಣವೊಂದು ಉಳಿಯಬೇಕೆಂದು ಭಾರತದಲ್ಲಿ ವೈಶೇಷಿಕ ದರ್ಶನದ ಕಣಾದ ಮಹರ್ಷಿಯೂ ಗ್ರೀಕರಲ್ಲಿ ಡೆಮಾಕ್ರಿಟಸನೂ ತರ್ಕಿಸಿದರು. ಅವರ ಬುದ್ಧಿಯು ಪೂಜ್ಯವೇ ಸರಿ. ಆದರೆ ಅದು ತರ್ಕದ ಪರಮಾಣು, ತಕ್ಕಡಿಯ ಪರಮಾಣುವಲ್ಲ. ಇಂದಿನ ವಿಜ್ಞಾನವೆಲ್ಲವೂ ಹಿಂದೆಯೇ ಇದ್ದಿತೆಂದು ಹೇಳಿಕೊಳ್ಳುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಾಗಲಾರದು.

ತಕ್ಕಡಿಯನ್ನು ಹಿಡಿದವನು ಇಂಗ್ಲೆಂಡಿನ ಉಪಾಧ್ಯಾಯ ಜಾನ್ ಡಾಲ್ಟನ್. ನೀರಾಗಬೇಕಾದರೆ ಒಂದು ತೊಲ ಜಲಜನಕಕ್ಕೆ ಎಂಟು ತೊಲ ಆಮ್ಲಜನಕವೇ ಬೇಕು; ಹೆಚ್ಚಾದುದು ಕೂಡದೆ ಉಳಿಯುವುದು. ಮೂಲವಸ್ತುಗಳು ಹೀಗೆ ಗೊತ್ತಾದ ತೂಕದಲ್ಲಿ ಕೂಡುವುದು ಅವು ಪರಮಾಣುಗಳಿಂದಾಗಿರುವುದರಿಂದಲೇ ಎಂದು ಅವನು 1808ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದರೂ ಪಂಡಿತರಲ್ಲಿ ಸಂಶಯವು ನೂರು ವರ್ಷ ಉಳಿಯಿತು. ನೀರಿನಲ್ಲಿ ತೇಲುವ ಪುಡಿಯು ಎಡೆಬಿಡದೆ ನಡುಗುವುದು ಅಣುಗಳ ತಾಡನದಿಂದಲೆಂದು 1905ರಲ್ಲಿ ಐನ್‌ಸ್ಟೈನನು ಲೆಕ್ಕಹಾಕಿ ತೋರಿಸಿದನು. 1908ರಿಂದ ಪೆರಾನನು ಅದನ್ನು ಅಳೆದು ಸ್ಥಿರಪಡಿಸಿದನು.

ಅಷ್ಟರಲ್ಲಿಯೇ ಪರಮಾಣುವಿನ ಅಖಂಡತೆಯು ಕುಸಿದಿದ್ದಿತು. 1897ರಲ್ಲಿ ಥಾಮ್ಸನನು ಅದಕ್ಕಿಂತಲೂ ಬಹಳ ಹಗುರವಾದ ಎಲೆಕ್ಟ್ರಾನನ್ನು ಕಂಡುಹಿಡಿದನು. 1911ರಲ್ಲಿ ರುದರ್‌ಫರ್ಡನು ಪರಮಾಣುವಿನ ಭಾರವೆಲ್ಲವೂ ಬಹುಮಟ್ಟಿಗೆ ಅದರ ನಡುವಣ ಕಿರುಬೀಜದಲ್ಲಿಯೇ ಅಡಗಿದೆಯೆಂದು ತಿಳಿಸಿದನು. ಘನವೆಂದು ತೋರುವ ಬಂಡೆಯೂ ಒಳಗೆ ಬಹುಪಾಲು ಬಯಲೇ ಎಂದಾಯಿತು.

ಅದೇ 1911ರಲ್ಲಿ ಮಂಜು ವಿಜ್ಞಾನದ ಕೈಗೆ ಬಂದಿತು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಪರ್ವತದ ಮೇಲೆ 1894ರಲ್ಲಿ ಮೋಡಗಳ ಮೇಲೆ ಬಿಸಿಲು ಆಡುವ ಸೊಬಗನ್ನು ನೋಡಿದ ವಿಲ್ಸನ್ ಎಂಬ ತರುಣನು, ಪ್ರಯೋಗಶಾಲೆಯಲ್ಲಿ ಅಂತಹ ಮೋಡವನ್ನು ಮಾಡಲು ಹೊರಟನು. ಧೂಳನ್ನು ತೆಗೆದ ತೇವದ ಗಾಳಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಥಟ್ಟನೆ ಹಿಗ್ಗಿಸಿದರೆ, ವಿದ್ಯುತ್ಕಣವು ಹಾದುಹೋದ ದಾರಿಯುದ್ದಕ್ಕೂ ಹನಿಗಳು ಸಾಲುಗಟ್ಟಿದುವು. ಕಣವು ಕಾಣಲಿಲ್ಲ, ಅದರ ಹೆಜ್ಜೆ ಕಂಡಿತು. ಇಂತಹ ಪೆಟ್ಟಿಗೆಯಲ್ಲಿಯೇ 1932ರಲ್ಲಿ ಆಂಡರ್ಸನನು ಪಾಸಿಟ್ರಾನನ್ನು ಕಂಡನು.

ಈ ಶೋಧವು ಕನ್ನಡನಾಡಿಗೂ ಬಂದಿತು. 1939ರಿಂದ ಹೋಮಿ ಭಾಭಾ ಅವರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ, ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಭ್ಯಾಸಮಾಡಿದರು. ಅವು ವಾಯುಮಂಡಲವನ್ನು ತಾಕಿದಾಗ ಹುಟ್ಟುವ ಕಣಗಳಲ್ಲಿ ನ್ಯೂಟ್ರಿನೋ ಒಂದು. ಉಳಿದ ಕಣಗಳನ್ನು ಬಂಡೆಯು ಬಹುಮಟ್ಟಿಗೆ ತಡೆಯುವುದು, ನ್ಯೂಟ್ರಿನೋವನ್ನು ತಡೆಯಲಾರದು. ಆದುದರಿಂದ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 7,600 ಅಡಿ ಕೆಳಗೆ, ಭಾರತ, ಜಪಾನ್, ಇಂಗ್ಲೆಂಡುಗಳ ವಿದ್ವಾಂಸರು ಯಂತ್ರಗಳನ್ನಿಟ್ಟು ಕಾದರು. 1965ರಲ್ಲಿ ಆ ಕಣದ ಗುರುತು ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯಲ್ಲಿಯೂ ದೊರೆಯಿತು. ಕೋಲಾರದ ಗಣಿಯು 2001ರಲ್ಲಿ ಮುಚ್ಚಿಹೋಯಿತು. ಅಲ್ಲಿ ದೊರೆತ ಅರಿವು ಮುಚ್ಚಿಹೋಗಲಿಲ್ಲ.

ಒಡೆಯಲಾಗದೆಂದು ನಂಬಿದ್ದುದು ಒಡೆದಾಗಲೆಲ್ಲ ವಿಜ್ಞಾನಿಗಳು ನಂಬಿಕೆಯನ್ನು ತಿದ್ದಿಕೊಂಡರು, ಕಂಡುದನ್ನು ಅಲ್ಲಗಳೆಯಲಿಲ್ಲ. ಆಗುಂಬೆಯ ಮಂಜಿನಲ್ಲಿ ಶಾಲೆಗೆ ನಡೆಯುವ ಮಗುವೊಂದು “ಇದು ಹೇಗಾಯಿತು?” ಎಂದು ಕೇಳಬಹುದು. ವಿಲ್ಸನನ ಪ್ರಶ್ನೆಯೂ ಅದೇ ಆಗಿದ್ದಿತು. ಹಿರಿಯರಾದವರು ಆ ಮಗುವನ್ನು ಸುಮ್ಮನಿರಿಸದಿರಲಿ.