ಹವ್ಯಾಸಿ ರೇಡಿಯೊ: ತೆರೆದ ಮಾತಿನ ಕಟ್ಟಳೆ

(ಡೊಂಬಿವಲಿಯಲ್ಲಿ ಸಂಘದ ಸದಸ್ಯರೆದುರು ನೀಡಿದ ಉಪನ್ಯಾಸದ ಲಿಖಿತ ರೂಪ)



ವೃತ್ತಿಯಿಂದ ನಾನು ಕೇಂದ್ರ ಸರಕಾರದ ಅಧಿಕಾರಿ. ಬಿಡುವಿನ ವೇಳೆಯಲ್ಲಿ ಹವ್ಯಾಸಿ ರೇಡಿಯೊ ನಡೆಸುವ 'ಹ್ಯಾಮ್'. ಈ ರೇಡಿಯೊದಲ್ಲಿ ಗೂಢಭಾಷೆಗೆ ನಿಷೇಧವಿದೆಯೆಂದು ಹೇಳಿದಾಗ ಮಿತ್ರರೊಬ್ಬರು ಕೇಳಿದರು: "ಠಾಣೆ-ಕಲ್ಯಾಣ ಲೋಕಲ್ ಗಾಡಿಯಲ್ಲಿ ನಾವಾಡುವ ಕನ್ನಡ ಪಕ್ಕದವರಿಗೆ ತಿಳಿಯುವುದಿಲ್ಲ. ಹಾಗಾದರೆ ಕನ್ನಡವೂ ಗೂಢಭಾಷೆಯೇ?"

ಪ್ರಶ್ನೆ ತಮಾಷೆಯದಲ್ಲ. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯ 25ನೆಯ ವಿಧಿ 2003ರಲ್ಲಿ ಪರಿಷ್ಕೃತವಾಯಿತು. ಅದರಂತೆ, ಬೇರೆ ಬೇರೆ ದೇಶಗಳ ಹವ್ಯಾಸಿ ಕೇಂದ್ರಗಳು ಅರ್ಥವನ್ನು ಮರೆಮಾಚುವ ಉದ್ದೇಶದಿಂದ ಸಂದೇಶವನ್ನು ಸಂಕೇತವಾಗಿಸಕೂಡದು. ಉಪಗ್ರಹಗಳನ್ನು ನಿಯಂತ್ರಿಸುವ ಆಜ್ಞೆಗಳಿಗೆ ಮಾತ್ರ ವಿನಾಯಿತಿ. ನಮ್ಮ ದೇಶದ 1978ರ ನಿಯಮಗಳೂ ಸರಳ ಭಾಷೆಯನ್ನೇ ವಿಧಿಸಿದ್ದವು. ಇಲ್ಲಿ 'ಉದ್ದೇಶ'ವೆಂಬುದೇ ಮುಖ್ಯ. ಮೋರ್ಸ್ ಸಂಕೇತ ಗೂಢವಲ್ಲ, ಅದನ್ನು ಯಾರೂ ಕಲಿಯಬಹುದು; ಕನ್ನಡವೂ ಹಾಗೆಯೇ. ಕೀಲಿಯನ್ನು ಇಬ್ಬರೇ ಬಚ್ಚಿಟ್ಟುಕೊಂಡಾಗ ಮಾತು ಗೂಢವಾಗುತ್ತದೆ.

ಈ ಕಟ್ಟಳೆ ಏಕೆ? ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿತು. ನಮ್ಮೂರಿನ ಗೋಮಾಳದಂತೆ ಅದರಲ್ಲೊಂದು ತುಂಡು ಹವ್ಯಾಸಿಗಳಿಗೆ ದೊರೆತಿದೆ. ವ್ಯಾಪಾರ ಮಾಡಕೂಡದೆಂಬುದು ಷರತ್ತು. ಮಾತಿಗೆ ಬೀಗ ಬಿದ್ದರೆ ಒಳಗೆ ನಡೆಯುತ್ತಿರುವುದು ಹವ್ಯಾಸವೋ ವ್ಯಾಪಾರವೋ, ಬಲ್ಲವರಾರು? ಪರಸ್ಪರ ಕೇಳಿಸಿಕೊಳ್ಳುವುದೇ ನಮ್ಮ ಕಾವಲು.

ಸರಕಾರಿ ನೌಕರನಾದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಕಟ್ಟಳೆಯ ಹಿಂದೆ ಪ್ರಭುತ್ವದ ಸಂಶಯವೂ ಇದೆ. 1939ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟಿಷರು ಹವ್ಯಾಸಿಗಳ ಪರವಾನಗಿಗಳನ್ನು ರದ್ದುಗೊಳಿಸಿದರು. ಆದರೂ 1942ರಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಇದೇ ಮುಂಬಯಿಯಿಂದ ಕಾಂಗ್ರೆಸ್ ರೇಡಿಯೊ ನಡೆಸಿದರು. ಅವರು ಬಚ್ಚಿಟ್ಟದ್ದು ನೆಲೆಯನ್ನು, ಮಾತನ್ನಲ್ಲ.

ನನ್ನನ್ನು ಕಾಡುವ ಸಂದೇಹ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಾನು ಠಾಣೆಯಲ್ಲಿ ಸಿಲುಕಿದ್ದೆ, ಹೃದ್ರೋಗಿಯಾದ ತಾಯಿ ಡೊಂಬಿವಲಿಯಲ್ಲಿದ್ದರು, ದೂರವಾಣಿ ಮೂಕವಾಗಿತ್ತು. ಆ ರಾತ್ರಿ ಯಾರಾದರೂ ಅಮ್ಮನ ಸುದ್ದಿಯನ್ನು ಊರಿಗೆಲ್ಲ ಕೇಳುವಂತೆ ಕೂಗಿದ್ದರೂ ಕೈಮುಗಿಯುತ್ತಿದ್ದೆ. ನೀರಿಳಿದ ಮೇಲೆ ಅದೇ ಸುದ್ದಿ ಕಂಡಕಂಡವರ ಬಾಯಲ್ಲಿದ್ದರೆ ನೊಂದುಕೊಳ್ಳುತ್ತಿದ್ದೆ.

ತುರ್ತು ಸಂದರ್ಭಗಳಲ್ಲಿ ಗೂಢಲಿಪಿಗೆ ಅವಕಾಶ ಬೇಕೆಂಬ ಮನವಿಯನ್ನು ಅಮೆರಿಕದ ಸಂಪರ್ಕ ಆಯೋಗ 2013ರಲ್ಲಿ ತಳ್ಳಿಹಾಕಿತು. ನನಗದು ಸರಿಯೆನಿಸುತ್ತದೆ. ಹೆಸರು, ರೋಗ ಹೇಳದೆ "ಇಂಥ ಔಷಧ ಇಂಥಲ್ಲಿಗೆ ಬೇಕು" ಎಂದರೆ ಸಾಲದೇ? ಲೋಕ ಕೇಳಬಾರದ್ದನ್ನು ಗೋಮಾಳದಲ್ಲಿ ಆಡದಿರುವುದೇ ವಿವೇಕ.

ಹಾಗೆಂದು ಜೇಬಿನ ಮೊಬೈಲಿನ ಬೀಗವನ್ನೂ ಸರಕಾರ ತೆಗೆಸಬಹುದೆಂದು ನಾನು ಹೇಳಲಾರೆ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸಾರಿದ್ದು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಮನೆಗೆ ಬಾಗಿಲು ಬೇಕು, ಗೋಮಾಳಕ್ಕೆ ಬೇಡ.

ಇನ್ನು ಮಿತ್ರರ ಪ್ರಶ್ನೆಗೆ ಉತ್ತರ. ಕಲಿಯಬಯಸುವ ನೆರೆಯ ಮರಾಠಿ ಮಗುವಿಗೂ ನಮ್ಮ ಬಾಗಿಲು ತೆರೆದಿರುವವರೆಗೆ ಕನ್ನಡ ಗೂಢಭಾಷೆಯಲ್ಲ. ನಮ್ಮ ಮಕ್ಕಳಿಗೇ ಕಲಿಸದೆ ಬಿಟ್ಟರೆ ಮಾತ್ರ ಅದು ನಮ್ಮ ಮನೆಯೊಳಗೇ ಗೂಢಭಾಷೆಯಾದೀತು. ಆ ಎಚ್ಚರ ನಮಗಿರಲಿ.