ಬಲಿಯಲು ಅವಸರ ಬೇಡ



ಯಲಹಂಕದಲ್ಲಿ ಮಕ್ಕಳನ್ನು ಕ್ರಿಕೆಟ್ ಕೋಚಿಂಗಿಗೆ ಕಳಿಸುವವರಿಗೆ ಗೊತ್ತಿರುತ್ತದೆ: 16ರೊಳಗಿನವರ ಆಟಕ್ಕೆ ಬಿಸಿಸಿಐ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದೆ. ಬೆಳೆಯುತ್ತಿರುವ ಹುಡುಗನಾದರೆ ಮೂಳೆಯ ತುದಿಗೆ ಅಡ್ಡಲಾಗಿ ಕಪ್ಪು ಗೆರೆಯೊಂದು ಕಾಣುತ್ತದೆ. ಬಿರುಕೆಂದು ಗಾಬರಿಯಾಗಬೇಡಿ, ಅದು ಇನ್ನೂ ಮೂಳೆಯಾಗದ ಮೃದ್ವಸ್ಥಿ, ನಾವೆಲ್ಲ ಕಾರ್ಟಿಲೇಜ್ ಅನ್ನುತ್ತೇವಲ್ಲ, ಅದು.

ಆ ಗೆರೆಯೊಳಗೆ ಜೀವಕೋಶಗಳು ನಾಣ್ಯ ಪೇರಿಸಿದ ಹಾಗೆ ಸಾಲಾಗಿ ಕೂತಿರುತ್ತವೆ. ಎಲ್ಲದರಲ್ಲೂ ಇರುವ ಜೀನ್‌ಗಳು ಒಂದೇ; ಯಾವುದು ಚಾಲೂ, ಯಾವುದು ಬಂದ್ ಎಂಬುದಷ್ಟೇ ಬೇರೆ. ಎಳೆಯ ಕೋಶದಲ್ಲಿ ಸಾಕ್ಸ್9 ಎಂಬ ಪ್ರೋಟೀನಿನದೇ ಯಜಮಾನಿಕೆ. ಅದು ಡಿಎನ್‌ಎಗೆ ಅಂಟಿಕೊಂಡು ಎರಡನೆಯ ಬಗೆಯ ಕೊಲಾಜನ್ ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಕೋಶ ಬಲಿತಾಗ ರನ್‌ಎಕ್ಸ್2, ಎಂಇಎಫ್2ಸಿ ಎಂಬ ಪ್ರೋಟೀನುಗಳು ಅಧಿಕಾರ ವಹಿಸಿಕೊಳ್ಳುತ್ತವೆ. ಆಗ ತಯಾರಾಗುವುದು ಹತ್ತನೆಯ ಬಗೆಯ ಕೊಲಾಜನ್. ಕೋಶ ಹಲವು ಪಟ್ಟು ಊದುತ್ತದೆ, ಸುತ್ತ ಕ್ಯಾಲ್ಸಿಯಂ ಕಟ್ಟುತ್ತದೆ, ರಕ್ತನಾಳ ನುಗ್ಗುತ್ತದೆ, ಮೂಳೆ ಬಂದು ಕೂರುತ್ತದೆ. ನಾವು ಎತ್ತರವಾಗುವುದು ಬಹುಮಟ್ಟಿಗೆ ಈ ಊದುವಿಕೆಯಿಂದಲೇ.

ನನಗೆ ಹೆಚ್ಚು ಸೋಜಿಗವೆನಿಸುವುದು ಮಾತ್ರ ಇಲ್ಲಿನ ತಡೆ. ಎಚ್‌ಡಿಎಸಿ4 ಎಂಬ ಪ್ರೋಟೀನು ರನ್‌ಎಕ್ಸ್2, ಎಂಇಎಫ್2ಸಿ ಎಂಬ ಆ ಇಬ್ಬರು ಅವಸರಗಾರರನ್ನೂ ಅದುಮಿ ಹಿಡಿದಿರುತ್ತದೆ. ಮೂಳೆಯ ತುದಿಯಿಂದ ಬರುವ ಪಿಟಿಎಚ್‌ಆರ್‌ಪಿ ಎಂಬ ಸಂದೇಶ ಅದಕ್ಕೆ ಬಲ ಕೊಡುತ್ತದೆ. ಬಲಿಯಲು ಹೊರಟ ಕೋಶಗಳೇ ಇಂಡಿಯನ್ ಹೆಡ್ಜ್‌ಹಾಗ್ ಎಂಬ ಸಂಕೇತ ಕಳಿಸಿ ಆ ಸಂದೇಶವನ್ನು ಹೆಚ್ಚಿಸುತ್ತವೆ. ತಾವು ಹೊರಟವು, ಹಿಂದಿನವರಿಗೆ ಮಾತ್ರ 'ಸ್ವಲ್ಪ ತಾಳಿ' ಅನ್ನುತ್ತವೆ! 2004ರಲ್ಲಿ ಎಚ್‌ಡಿಎಸಿ4 ಇಲ್ಲದ ಇಲಿಗಳನ್ನು ನೋಡಿದಾಗ ಅವುಗಳ ಮೃದ್ವಸ್ಥಿ ಅವಧಿಗೆ ಮುಂಚೆಯೇ ಮೂಳೆಗಟ್ಟಿತ್ತು.

ಈ ಬೆಳವಣಿಗೆ ಹದ ತಪ್ಪಿದರೇನಾಗುತ್ತದೆಂದು ಸಾಗರ ತಾಲ್ಲೂಕಿನ ಹಂದಿಗೋಡಿನವರನ್ನು ಕೇಳಬೇಕು. 1970ರ ದಶಕದಲ್ಲಿ ಅಲ್ಲಿ ಸೊಂಟ, ಮಂಡಿ ಹಿಡಿದು ಜನ ನಡೆಯಲಾರದಾದಾಗ ಅನುಮಾನ ಹೋದದ್ದು ಗದ್ದೆಯ ಕೀಟನಾಶಕದ ಮೇಲೆ, ಅಲ್ಲಿ ಹಿಡಿದು ತಿಂದ ಏಡಿಯ ಮೇಲೆ. ಮನೆತನಗಳ ವಂಶಾವಳಿ ಬಿಡಿಸಿದ ಮೇಲೆ ತಿಳಿದದ್ದು, ಇದು ತಲೆಮಾರಿನಿಂದ ಇಳಿದು ಬರುವ, ಬೆನ್ನೆಲುಬು ಮತ್ತು ಮೂಳೆ ತುದಿಗಳ ಬೆಳವಣಿಗೆಯ ದೋಷವೆಂದು.

ಇನ್ನು ನಮ್ಮ ಮಂಡಿಯ ವಿಚಾರ. ಕೀಲಿನ ಮೇಲ್ಪದರದ ಮೃದ್ವಸ್ಥಿ ಆಯುಷ್ಯವಿಡೀ ಬಲಿಯದೆ ಇರಬೇಕು. ಸವೆತದಲ್ಲಿ ಅಲ್ಲಿನ ಕೆಲವು ಕೋಶಗಳು, ಇಷ್ಟು ವರ್ಷ ತೆಪ್ಪಗಿದ್ದವು, ಹತ್ತನೆಯ ಕೊಲಾಜನ್ ಮಾಡತೊಡಗುತ್ತವೆ. ಎಂಎಂಪಿ13 ಎಂಬ ಕಿಣ್ವ ಹಳೆಯ ಕೊಲಾಜನ್ನನ್ನು ಕತ್ತರಿಸುತ್ತದೆ. ಹಾಗಾಗಿ 'ವಯಸ್ಸಾಯ್ತು, ಸವೆದಿದೆ' ಎಂಬುದು ಅರ್ಧ ಮಾತು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡ ರಾಪಮೈಸಿನ್ ಔಷಧವನ್ನು ಸೂಕ್ಷ್ಮ ಕಣಗಳಲ್ಲಿ ತುಂಬಿ, ನಿಧಾನವಾಗಿ ಬಿಡುಗಡೆಯಾಗುವಂತೆ ಇಲಿಗಳ ಮಂಡಿಗೆ ಚುಚ್ಚಿ ನೋಡಿದೆ. ಇಲಿಗಳಲ್ಲಿ ಸವೆತ ತಗ್ಗಿತು. ನಮ್ಮ ಮಂಡಿಗೆ ಅದು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ತೂಕ ಇಳಿಸಿ, ತೊಡೆಯ ಸ್ನಾಯು ಬಲಪಡಿಸಿ ಎಂಬ ವೈದ್ಯರ ಮಾತೇ ಗತಿ.